ಬಿಟ್ಟ ಕಾರಣ

ಆನಂದಪುರದ ಶಾಲೆಯ ಬೀರುವಿನಿಂದ
ಹೆಡ್ ಮೇಷ್ಟ್ರು ದಪ್ಪ ರಿಜಿಸ್ಟರ್ ಇಳಿಸಿ, ಧೂಳು ಊದಿ,
ಬೆರಳಿಗೆ ಎಂಜಲು ಹಚ್ಚಿ ತಿರುವುತ್ತಾ ಹೋದರು.
ಎಂಬತ್ತೊಂಬತ್ತು. ತೊಂಬತ್ತು. ತೊಂಬತ್ತೊಂದು.
ಸಿಕ್ಕೆ: ಹೂವಮ್ಮ, ತಂದೆ ಕೆರಿಯಪ್ಪ.
ಹುಟ್ಟಿದ್ದು ಜೂನ್ ಒಂದು
(ಆ ಪುಟದಲ್ಲಿ ಹನ್ನೊಂದು ಮಕ್ಕಳು ಅದೇ ದಿನ ಹುಟ್ಟಿದ್ದೇವೆ).
ಬಿಟ್ಟ ತರಗತಿ ಏಳು.
ಬಿಟ್ಟ ಕಾರಣ ಎಂಬಲ್ಲಿ
ಬರೀ ಒಂದು ಅಡ್ಡಗೆರೆ.

ಸ್ಕೇಲಿಟ್ಟು ಎಳೆದದ್ದಲ್ಲ. ನಡುವೆ ತುಸು ಜಗ್ಗಿದೆ,
ಜಂತಿಗೆ ಕಟ್ಟಿದ ಸೀರೆ ಜಗ್ಗುವ ಹಾಗೆ.
ಅದರಲ್ಲಿ ತಮ್ಮ ಮಲಗಿದ್ದ.
ಅವ್ವ ಜಂಬಿಟ್ಟಿಗೆ ಕಲ್ಲು ಹೊರಲು ಹೋಗಿದ್ದಳು.

ಸಾಗರದಲ್ಲಿ, ಸೊರಬ ರಸ್ತೆಯ ನನ್ನ ಅಂಗಡಿಗೆ
ಅಳತೆ ಕೊಡಲು ಬಂದವರಿಗೆಲ್ಲ ನಗು:
‘ಟೈಲರಮ್ಮಾ, ಈ ವಯಸ್ಸಲ್ಲಿ ಎಸ್ಸೆಸ್ಸೆಲ್ಸಿ ಮಾಡಿ
ಯಾವ ಆಫೀಸಿಗೆ ಹೊರಟಿರಿ?’
ಬಾಯಲ್ಲಿ ಗುಂಡುಸೂಜಿ ಇತ್ತು.

ಶಟರ್ ಎಳೆದ ಮೇಲೆ ಕಟಿಂಗ್ ಮೇಜೇ ಓದುವ ಮೇಜು.
ಹಾಳೆ ಮುಗಿದ ರಾತ್ರಿ, ಸೀಮೆಸುಣ್ಣದಲ್ಲಿ
ಲೈನಿಂಗ್ ಬಟ್ಟೆಯ ಮೇಲೇ ಲಂಬಕೋನ ಎಳೆದೆ,
ಎ ವರ್ಗ, ಬಿ ವರ್ಗ, ಕೂಡಿದರೆ ಸಿ ವರ್ಗ.
ಬೆಳಿಗ್ಗೆ ಮರೆತು ಅದನ್ನೇ ಕತ್ತರಿಸಿ
ಯಾರದೋ ರವಿಕೆಯ ಒಳಗೆ ಹೊಲಿದುಬಿಟ್ಟೆ.
ಪ್ರಮೇಯ ತೊಟ್ಟು ಯಾವ ಮದುವೆ ಉಂಡು ಬಂದಳೋ!

ಮೊದಲ ಸಲ ಗಣಿತ ಇಪ್ಪತ್ತೆರಡು.

ಎರಡನೇ ಸಲ ಡೆಸ್ಕಿಗೆ ಮೊಣಕಾಲು ತಾಗಿಸಿಕೊಂಡು ಕೂತಾಗ
ಪಕ್ಕದ ಹುಡುಗ ಪಿಸುಗುಟ್ಟಿದ,
‘ಆಂಟಿ, ನೀವು ಸ್ಕ್ವಾಡಾ?’
‘ಇಲ್ಲ ಮಾರಾಯ, ಫೇಲು.’
ಅವನು ನಿರಾಳವಾಗಿ ಚೀಟಿ ಕೈಬದಲಿಸಿದ.
ಹಾಲ್ ಟಿಕೆಟ್ ನೋಡಿ, ನನ್ನ ಮುಖ ನೋಡಿ,
ಸಹಿಗೆ ಬಗ್ಗಿದ ಟೀಚರಮ್ಮನ ನೀಲಿ ರವಿಕೆ
ನನ್ನದೇ ಹೊಲಿಗೆ. ಕಂಕುಳಲ್ಲಿ ಅರ್ಧ ಇಂಚು ಬಿಚ್ಚಿದೆ.
ಒಂದು ಕ್ಷಣ ಪೆನ್ನು ಅಲ್ಲೇ ನಿಂತಿತು:
ಆ ಲೈನಿಂಗ್ ಇದೇ ಆಗಿದ್ದರೆ?
ಸೂತ್ರ ಕೊಠಡಿ ತುಂಬ ಓಡಾಡುತ್ತಿದೆ, ಒಳಮಗ್ಗುಲಲ್ಲಿ,
ನಕಲು ಹಿಡಿಯುವವರ ಮೈಮೇಲೇ.
ನಗು ತಡೆಯಲು ಕೆಮ್ಮಿದೆ. ನೀರು ಕೊಟ್ಟರು.
ಆಮೇಲೆ ಬರೆದೆ.

ತಿಂಗಳಾದ ಮೇಲೆ ಅದೇ ರವಿಕೆ ಹಿಡಿದು ಬಂದರು.
ಒಳಮಗ್ಗುಲು ತಿರುವಿ ನೋಡಿದೆ. ಬಿಳಿ ಬಟ್ಟೆ, ಏನೂ ಇಲ್ಲ.
ಒಗೆದು ಹೋಗಿರಬೇಕು, ಇಲ್ಲಾ ಅದು ಬೇರೆ ಯಾರದೋ.
ಎರಡು ಸಾಲು ಹೊಲಿಗೆ ಹಾಕಿ ಕೊಟ್ಟೆ,
ದುಡ್ಡು ಬೇಡ ಅಂದೆ.
‘ಯಾಕೆ, ಕಾರಣ?’ ಎಂದರು.

ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು
ಮೇಜಿನ ಮೇಲಿಟ್ಟು ಹೇಳಿದೆ:
ಮೂವತ್ತೇಳು.