ಬಾಯಿ ಬಿಡಿ

ದಿನಕ್ಕೆ ನಲವತ್ತು ಸಲ ಹೇಳುವ ಮಾತು.
ಗೋಣಿಕೊಪ್ಪಲಿನ ಈ ಮಹಡಿಯಲ್ಲಿ,
ಕೆಳಗೆ ಸಂತೆಯವರು ಒಣಮೀನಿನ ದರ ಕೂಗುವಾಗ,
ದೀಪ ಎಳೆದು, ಕುರ್ಚಿ ಬಾಗಿಸಿ:
ಬಾಯಿ ಬಿಡಿ. ಇನ್ನೂ ಸ್ವಲ್ಪ. ಹಾಂ.

ಚೋಂದಮ್ಮ ಬಂದದ್ದು ಇದು ಮೂರನೆಯ ಸಲ.
ಎರಡು ಸಲವೂ ಕುರ್ಚಿ ಪೂರ್ತಿ ಮಲಗುವ ಮೊದಲೇ ಎದ್ದು
ಫೀಸು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದಿದ್ದರು.
ಐವತ್ತೆರಡು ವರ್ಷ. ಕೆನ್ನೆ ಊದಿತ್ತು.
ಚೀಟಿಯಲ್ಲಿ ನಾನು ಬರೆದದ್ದು: ಹೆದರಿಕೆ ಸ್ವಭಾವ.

(ಗದ್ದೆಗಿಳಿದ ಕಾಡಾನೆಯನ್ನು ಒಬ್ಬರೇ
ಡಬ್ಬ ಬಡಿದು ಓಡಿಸಿದವರು.
ಇದು ನನಗೆ ತಿಳಿದದ್ದು ಆಮೇಲೆ.)

"ಮಲಗಿಸಬೇಡಿ," ಅಂದರು ಈ ಸಲ,
"ಕೂತಲ್ಲೇ ಕೀಳಿ. ನೋವಾದರೆ ಆಗಲಿ."
ಮತ್ತೆ, ಕಿಟಕಿಯ ಕಡೆ ನೋಡುತ್ತ,
ಕರಿಮೆಣಸಿನ ದರ ಹೇಳುವವರ ಹಾಗೆ:
"ಮುಖದ ಮೇಲೆ ಯಾರಾದರೂ ಬಾಗಿದರೆ
ನನಗೆ ಒಂಬತ್ತು ವರ್ಷವಾಗಿಬಿಡುತ್ತದೆ, ಡಾಕ್ಟರೇ."

ಅಷ್ಟೇ.
ಯಾರೆಂದಿಲ್ಲ, ಏನೆಂದಿಲ್ಲ.
ನನ್ನ ಕೈಯಲ್ಲಿ ಪುಟ್ಟ ಕನ್ನಡಿ,
ಅದರೊಳಗೆ ಟ್ಯೂಬ್‌ಲೈಟಿನ ಒಂದು ತುಂಡು.

ಮೂವತ್ತೆರಡು ಹಲ್ಲಿನ ಹೆಸರು ಕಲಿಸಿದ್ದರು ಕಾಲೇಜಿನಲ್ಲಿ,
ಇದಕ್ಕೇನು ಹೇಳಬೇಕೆಂದು ಒಂದು ಸಾಲೂ ಇಲ್ಲ.
ನಾಲಿಗೆಗೆ ಬಂದದ್ದೆಲ್ಲ ಕೆಟ್ಟವೇ:
ಯಾರು? ಇಷ್ಟು ದಿನ ಯಾಕೆ?
ಹಳೆಯದಲ್ಲವೇ, ಹೋಗಲಿ ಬಿಡಿ.
ಆ ಕೊನೆಯದನ್ನು ಹಿಂದೊಮ್ಮೆ ಒಬ್ಬ ಹುಡುಗನಿಗೆ ಅಂದಿದ್ದೆ.
ಅರ್ಧ ತುಂಬಿದ ಹಲ್ಲಿನೊಂದಿಗೆ ಹೋದವನು
ಮತ್ತೆ ಬರಲಿಲ್ಲ.

ಮಾಸ್ಕ್ ಕೆಳಗೆಳೆದೆ.
ಸ್ಟೂಲು ತಗ್ಗಿಸಿ ಅವರ ಕಣ್ಣಿಗಿಂತ ಕೆಳಗೆ ಕೂತೆ.
"ನಂಬುತ್ತೇನೆ. ಅದರಲ್ಲಿ ನಿಮ್ಮ ತಪ್ಪಿಲ್ಲ.
ಹೇಳಬೇಕೆನಿಸಿದರೆ ಕೇಳುತ್ತೇನೆ,
ಬೇಡವೆನಿಸಿದರೆ ಹಲ್ಲು ನೋಡೋಣ."
ದನಿ ನಡುಗಿತ್ತು, ನನ್ನದು.

ಬಾಗಿಲು ತೆರೆದಿರಲಿ ಅಂದರು. ತೆರೆದಿಟ್ಟೆ.
ಸಫಿಯಾ ಉಳಿದವರನ್ನು ಮೆಟ್ಟಿಲ ಬಳಿಯೇ ತಡೆದಳು.

"ಐನ್‌ಮನೆಯ ಗೋಡೆಯಲ್ಲಿ ಅವನ ಫೋಟೊ ಇದೆ.
ಪುತ್ತರಿಗೆ ಕದಿರು ತಂದು ಎಲ್ಲರೂ ಅದರ ಕೆಳಗೇ ನಿಲ್ಲುವುದು.
ನಾನು ಒಳಗೆ ತಂಬುಟ್ಟು ಕಲಸುತ್ತಿರುತ್ತೇನೆ.
ಚೋಂದಮ್ಮನ ಕೈರುಚಿಯೇ ಬೇರೆ ಅನ್ನುತ್ತಾರೆ."

ಕುರ್ಚಿ ಬಾಗಿಸಲಿಲ್ಲ.
ಎಡಗೈ ಎತ್ತಿದರೆ ಆ ಕ್ಷಣವೇ ನಿಲ್ಲಿಸುತ್ತೇನೆ ಅಂದೆ.
ಸೂಜಿ ಮುಟ್ಟುವ ಮೊದಲೇ ಎತ್ತಿದರು. ನಿಂತೆ.
ಮತ್ತೆ ಎತ್ತಿದರು. ನಿಂತೆ.
ಏಳು ಸಲ.
ಪರೀಕ್ಷೆ ಯಾರದೆಂದು ನನಗೆ ಗೊತ್ತಿತ್ತು.

"ಬರೆದಿಡಲೇ ಚೀಟಿಯಲ್ಲಿ?"
"ಕುರ್ಚಿ ಬಾಗಿಸಬಾರದು ಅಂತ ಮಾತ್ರ."
ಹಳೆಯ ಎರಡು ಪದಗಳನ್ನು ಅವರೆದುರೇ ಹೊಡೆದುಹಾಕಿದೆ.

ವಿರಾಜಪೇಟೆಯ ಆಪ್ತಸಮಾಲೋಚಕಿಯ ನಂಬರು ಬರೆದುಕೊಟ್ಟಿದ್ದೆ.
ಮೇಜಿನ ಮೇಲೇ ಇತ್ತು. ಮರೆತರೋ, ಬಿಟ್ಟರೋ.
ಬಾಯಲ್ಲಿ ಹತ್ತಿ ಕಚ್ಚಿಕೊಂಡು ಕೆಳಗೆ ರಸ್ತೆಯಲ್ಲಿ ನಿಂತು
ಚೋಂದಮ್ಮ ಎಡಗೈ ಎತ್ತಿದರು.

ಪೊನ್ನಂಪೇಟೆಯ ಬಸ್ಸು ನಿಂತಿತು.