ಗೇಣು

ಚಳ್ಳಕೆರೆ ಹೈಸ್ಕೂಲಿನ ಮೈದಾನದಲ್ಲಿ ಹುಲ್ಲು ಅಂತ ಇರಲಿಲ್ಲ.
ಎಣ್ಣೆ ಮಿಲ್ಲಿನ ಕಡೆಯಿಂದ ಗಾಳಿ ಎದ್ದರೆ
ಶೇಂಗಾ ಸಿಪ್ಪೆ ಹಾರಿಬಂದು ಬೆವರಿದ ಕಾಲಿಗೆ ಅಂಟುತ್ತಿತ್ತು.
ಹನ್ನೊಂದು ಜನಕ್ಕೆ ಆರು ಜೊತೆ ಬೂಟು.
ಎಡಚ ಪಾಲಯ್ಯನಿಗೆ ಎಡಗಾಲಿನದು ಮಾತ್ರ,
ಅದರ ಬಲಗಾಲು ದಾದಾಪೀರನಿಗೆ.
ಹಾಗೆ ಹಂಚಿಕೊಂಡೇ ಆ ವರ್ಷ
ಮೊಳಕಾಲ್ಮೂರನ್ನು, ಹಿರಿಯೂರನ್ನು,
ದುರ್ಗದ ಕಾನ್ವೆಂಟಿನ ಇಸ್ತ್ರಿ ಚಡ್ಡಿ ಹುಡುಗರನ್ನೂ
ಹೊಡೆದೆವು.

ಹೊಡೆದೆವು ಅನ್ನುತ್ತೇನೆ.
ನಾನು ಒಂದು ದಿನವೂ ಚೆಂಡು ಮುಟ್ಟಿದವನಲ್ಲ.
ಪಿ.ಟಿ. ಮಾಸ್ಟರು ರುದ್ರಮುನಿ ನನ್ನ ಕೈಗೆ ಕೊಟ್ಟದ್ದು
ತಳ ತೂತು ಮಾಡಿದ ಡಾಲ್ಡಾ ಡಬ್ಬಿ, ಅದರ ತುಂಬ ಸುಣ್ಣ.
"ನೆಟ್ಟಗೆ ನಡಿ, ಗೆರೆ ತಾನೇ ಬರುತ್ತೆ" ಅಂದಿದ್ದರು.

ಜಿಲ್ಲಾ ಫೈನಲ್ಲು ನಮ್ಮೂರಲ್ಲೇ. ಎದುರಿಗೆ ಹೊಸದುರ್ಗ.
ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿ ನಾನೊಬ್ಬನೇ.
ಎರಡು ಸರ್ವೆ ಮರದ ಕಂಬ,
ದಾರದ ಆ ತುದಿ ಹಿಡಿಯಲು ಯಾರೂ ಇಲ್ಲ.
ಡಬ್ಬಿ ತಟ್ಟುತ್ತ ಹೊರಟೆ.
ನಡುಮಧ್ಯ ಇರುವೆ ಗೂಡು.
ರಾತ್ರಿಯಿಡೀ ಹೊತ್ತು ತಂದ ಮಣ್ಣನ್ನು
ಬಾಯಿಯ ಸುತ್ತ ಬಳೆಯ ಹಾಗೆ ಜೋಡಿಸಿದ್ದವು.
ಅದರ ಮೇಲೆ ಸುಣ್ಣ ಸುರಿಯಲು ಕೈ ಬರಲಿಲ್ಲ.
ಸುತ್ತಿಕೊಂಡು ಹೋದೆ.
ಗೆರೆ ಅಲ್ಲಿ ಬಸುರಿಯ ಹಾಗೆ ಮುಂದಕ್ಕೆ ಬಂತು,
ಒಂದು ಗೇಣು.

ಆಟ ಮುಗಿಯಲು ನಾಲ್ಕು ನಿಮಿಷ.
ಓಬಳೇಶ ತಲೆ ಕೊಟ್ಟ. ಚೆಂಡು ಕಂಬಕ್ಕೆ ಬಡಿದು
ನೆಲಕ್ಕೆ ಬಿತ್ತು, ಉರುಳಿತು,
ಇರುವೆ ಗೂಡಿನ ಮೇಲೆ ಹೋಗಿ ಕೂತಿತು.
ಹೊಸದುರ್ಗದ ಗೋಲಿ ಕರಿಸಿದ್ದ
ಕೋಳಿಮರಿ ಹಿಡಿದಂತೆ ಅದರ ಮೇಲೆ ಬಿದ್ದ.
ರೆಫರಿ ಓಡಿಬಂದು, ಮಂಡಿಯೂರಿ, ಬಗ್ಗಿ,
ಕಂಬದಿಂದ ಕಂಬಕ್ಕೆ ಕಣ್ಣು ಹಾಯಿಸಲಿಲ್ಲ;
ನನ್ನ ಸುಣ್ಣ ನೋಡಿದರು.
ಪೀಪಿ ಊದಿದರು.

ಆಮೇಲಿನದು ಊರಿಗೆಲ್ಲ ಗೊತ್ತು. ಲಾರಿ, ತಮಟೆ,
ಮಿಲ್ಲಿನ ಸೆಟ್ಟರು ತಲೆಗೊಂದು ಸೇರು ಎಣ್ಣೆ ಕೊಟ್ಟದ್ದು.
ನನ್ನ ತಲೆಗೂ ಒಂದು.
ನಮ್ಮವ್ವ ಅದರಲ್ಲಿ ಮೂರು ದಿನ ಬೋಂಡ ಕರಿದಳು.
ತಿಂದೆ.
ಫೋಟೊದಲ್ಲಿ, ತೀರ ಅಂಚಿಗೆ, ಡಬ್ಬಿ ಹಿಡಿದ ಒಂದು ಕೈ ಇದೆ.

ನಲವತ್ತು ವರ್ಷವಾಗುತ್ತ ಬಂತು.
ಪಾಲಯ್ಯ ಬಳ್ಳಾರಿ ರೂಟಿನ ಬಸ್ಸು ಓಡಿಸಿ ರಿಟೈರಾದ.
ದಾದಾಪೀರ ಅದೇ ಸ್ಕೂಲಿಗೆ ಹೆಡ್ ಮಾಸ್ಟರು.
ಓಬಳೇಶ ಇಲ್ಲ.
ಸಿಕ್ಕಾಗಲೆಲ್ಲ ಆ ಗೋಲಿನ ಮಾತೇ.
ಪ್ರತಿ ಸಲವೂ ಚೆಂಡು ಇನ್ನಷ್ಟು ಒಳಗೆ ಹೋಗುತ್ತದೆ,
ಈಚೆಗೆ ಬಲೆ ಹರಿಯುತ್ತಿದೆ.
ನಮ್ಮ ಕಂಬಕ್ಕೆ ಬಲೆಯೇ ಇರಲಿಲ್ಲ.

ನಾನು ಸೇರಿದ್ದು ಸರ್ವೆ ಇಲಾಖೆ.
ಆ ಮರ ನನ್ನನ್ನು ಬಿಡಲಿಲ್ಲ, ನೋಡಿ.

ಹೋದ ಮಾಘದಲ್ಲಿ ಹೊಸದುರ್ಗದ ಕಡೆ ಒಂದು ಹದ್ದುಬಸ್ತು.
ಅರ್ಜಿದಾರ: ಕರಿಸಿದ್ದಪ್ಪ.
ಹೊಟ್ಟೆ ಬಂದಿದೆ, ಕೂದಲು ಹೋಗಿದೆ.
ಬಾಂದು ಕಲ್ಲಿನ ಮುಂದೆ ನಿಂತ ಭಂಗಿ ಮಾತ್ರ ಅದೇ,
ಮಂಡಿ ತುಸು ಬಾಗಿ, ಅಂಗೈ ತೆರೆದು.
ಪಕ್ಕದ ಹೊಲದವನು ಒತ್ತಿದ್ದಾನೆಂದು ದೂರು.
ಎಷ್ಟು?
"ಒಂದು ಗೇಣಿರಬಹುದು ಸಾರ್. ಗೇಣಾದ್ರೂ ನಂದಲ್ವಾ?"

ಸರಪಳಿ ಎಳೆಸಿ ಮೂರು ಸಲ ಅಳೆದೆ.
ನನ್ನ ಹುಡುಗರಿಗೆ ಸಿಟ್ಟು ಬಂತು.
ಗೇಣು ಅವನದೇ.
ಬರೆದು, ಸಹಿ ಮಾಡಿ, ಹೇಳಬೇಕೆಂದು ಬಾಯಿ ತೆರೆದಾಗ
ಕೈಗೆ ಮಜ್ಜಿಗೆ ಲೋಟ ಬಂತು.

"ಯಾವೂರು ಸಾರ್ ತಾವು?"
"ಚಳ್ಳಕೆರೆ."
"ಓ, ಒಂದ್ಸಲ ಬಂದಿದ್ದೆ, ಹುಡುಗ್ರಾಗಿದ್ದಾಗ.
ಗೆದ್ದಿದ್ದೋ ಸೋತಿದ್ದೋ ನೆನಪಿಲ್ಲ," ಅಂದು
ಮೊಣಕೈ ಕೆರೆದುಕೊಂಡ,
"ಏನ್ ಇರುವೆ ಸಾರ್ ನಿಮ್ಮೂರಲ್ಲಿ!"