ಒಂದು ಪ್ರತಿ ಕಡಿಮೆ

ಮಂಡಿಪೇಟೆಯ ಅಮಾನುಲ್ಲಾ ರದ್ದಿಯನ್ನು ತಕ್ಕಡಿಗೆ ಹಾಕುವ ಮುನ್ನ
ಒಂದೊಂದನ್ನೂ ಬೆಳಕಿಗೆ ಹಿಡಿಯುತ್ತಾನೆ, ನೋಟು ನೋಡುವ ಹಾಗೆ.
'ಇದು ತೂಕಕ್ಕಲ್ಲ ಅಕ್ಕಾ,' ಅಂದ.
'ಪುಣೆಯಿಂದ ಒಬ್ಬರು ಫೋನ್ ಮಾಡಿದ್ರು, ಎಂಟು ಸಾವಿರ.
ನಿಮ್ಮ ಮನೆತನದ್ದು ಅಂತ ಮೊದಲು ನಿಮಗೆ ತೋರಿಸ್ತಿದೀನಿ.'

'ತುರಚಿ' ವಾರಪತ್ರಿಕೆ, ಎರಡಾಣೆ.
ಮೂಲೆಯಲ್ಲಿ ಮಿರ್ಚಿಯ ಎಣ್ಣೆ,
ಯಾರೋ ಮಂಡಕ್ಕಿ ತಿಂದು ಬೆರಳು ಒರೆಸಿದ್ದಾರೆ.
ಮುಖಪುಟದ ತುಂಬ ನಮ್ಮ ತಾತ.

ಹಾಲೇಶಪ್ಪ, ಅರಳೆ ವರ್ತಕರು, ಪುರಸಭೆಯ ಅಧ್ಯಕ್ಷರು.
ಹೊಟ್ಟೆಯೇ ನೀರಿನ ಟ್ಯಾಂಕು, ರುಮಾಲು ಅದರ ಮುಚ್ಚಳ.
ಹೊಕ್ಕುಳಲ್ಲಿ ಒಂದು ನಲ್ಲಿ, ನಲ್ಲಿಯಿಂದ
ಹನಿಯ ಬದಲು ಹಲ್ಲಿ ಇಳಿಯುತ್ತಿದೆ.
ಕೆಳಗೆ ಕೈಬರಹ:
'ನೀರಿಲ್ಲ ಅಂದವರ್ಯಾರು? ಮುಟ್ಟಿ ನೋಡಿ, ತುಂಬಿದೆ!'
ಬರೆದವನ ಹೆಸರಿಲ್ಲ.

ನಕ್ಕೆ. ಆಮೇಲೆ ಮೂಗು ಕಂಡಿತು.
ನಡುಮನೆಯ ಪಟದಲ್ಲಿ ಸ್ಟುಡಿಯೋದವನು
ಎದುರಿಗೆ ಕೂರಿಸಿ, ಬೆಳಕು ಸುರಿದು
ಅದನ್ನು ಅಳಿಸಿಬಿಟ್ಟಿದ್ದ.
ಇಲ್ಲಿ ಬದಿಯಿಂದ, ಗಿಣಿಕೊಕ್ಕಿನಂತೆ ಬಾಗಿ, ತುದಿಯಲ್ಲಿ ಸೀಳಿ:
ಬೆಳಿಗ್ಗೆ ಕನ್ನಡಿಯೆದುರು ನಾನು ಪೌಡರ್ ಹಚ್ಚಿದ
ಅದೇ ಮೂಗು.

ಹಿಂದೆ ಹೊಂಡದ ಸರ್ಕಲ್ಲು, ಕೊಡಗಳ ಸಾಲು.
ನೀರಿಗೆ ನಿಂತವರ ಫೋಟೋ ಯಾರು ತೆಗೆಸಿದರು?
ಕೊನೆಯವಳಿಗೆ ಮುಖವೇ ಇಲ್ಲ, ಎರಡು ಗೀರು.
ಆದರೂ ಸೊಂಟ ನೋಯುತ್ತಿರುವುದು ತಿಳಿಯುತ್ತದೆ.

ಆ ವಾರ ತಾತ ಊರಲ್ಲಿದ್ದ ಪ್ರತಿಯನ್ನೆಲ್ಲ ಕೊಳ್ಳಿಸಿ
ಬಚ್ಚಲ ಒಲೆಗೆ ಹಾಕಿಸಿದರಂತೆ. ಅಜ್ಜಿ ಹೇಳುತ್ತಿದ್ದಳು,
'ಅವತ್ತಿನಷ್ಟು ಬಿಸಿನೀರು ಈ ಮನೆಯಲ್ಲಿ ಎಂದೂ ಕಾದಿಲ್ಲ.'
ಅದಕ್ಕೇ ಈಗ ಎಂಟು ಸಾವಿರ.
ಬೆಲೆ ಕಟ್ಟಿದವರು ತಾತನೇ.

ಚೌಕಾಸಿ ಮಾಡಿ ಏಳಕ್ಕೆ ತಂದೆ.
ರಾತ್ರಿ ಅಟ್ಟದಿಂದ ಆ ವರ್ಷದ ಕಿರ್ದಿ ಇಳಿಸಿದೆ,
ಖರ್ಚು ಹಾಕಿರಬಹುದೇ ಎಂದು. ಹಾಕಿತ್ತು,
ಗುಮಾಸ್ತ ತಿಪ್ಪೇರುದ್ರಯ್ಯನ ಮುತ್ತಿನಂಥ ಅಕ್ಷರದಲ್ಲಿ:
ಪತ್ರಿಕೆ ಖರೀದಿ, ಪ್ರತಿ ೨೧೨.
ಕೆಳಗಿನ ಸಾಲು:
ಒಲೆಗೆ, ಪ್ರತಿ ೨೧೧.

ತಾತ ರುಜು ಹಾಕಿದ್ದಾರೆ.
ಕಳೆದು ನೋಡಲಿಲ್ಲವೋ,
ನೋಡಿಯೂ ಸುಮ್ಮನಾದರೋ.

ದೀಪದ ಕೆಳಗೆ ಎರಡನ್ನೂ ಅಕ್ಕಪಕ್ಕ ಇಟ್ಟೆ.
'ಖರೀದಿ'ಯ ದೀರ್ಘ, 'ನೀರಿಲ್ಲ'ದ ದೀರ್ಘ,
ಎರಡರ ತುದಿಗೂ ಒಂದೇ ಸುಳಿ,
ಹಲ್ಲಿಯ ಬಾಲದ ಹಾಗೆ.